ಕಾಸ್ಟ್ ಐರನ್ ಬುಲೆಟ್ 350: ಬಿಸಿಯಲ್ಲಿ ಕಿಕ್ ಹಿಡಿಯದಿದ್ದರೆ ಎಲ್ಲಿ ನೋಡಬೇಕು

ಗಾಡಿ: ಬುಲೆಟ್ 350 ಸ್ಟ್ಯಾಂಡರ್ಡ್, 346 ಸಿಸಿ, ಬಲಗಾಲಿನ ಗೇರು, 12 ವೋಲ್ಟ್, ಪಾಯಿಂಟ್ಸ್ ಇಗ್ನಿಷನ್ (ಕೂಡಿ ಬಿಚ್ಚಿಕೊಂಡು ಪ್ಲಗ್ಗಿಗೆ ಕಿಡಿ ಕೊಡಿಸುವ ಲೋಹದ ಸಂಪರ್ಕಗಳು).
ಬಳಕೆ: ಹತ್ತು ವರ್ಷಕ್ಕೂ ಮೇಲೆ, ದಿನಬಳಕೆ ಮತ್ತು ಘಾಟಿ ಓಡಾಟ ಎರಡೂ.

ಬೆಳಿಗ್ಗೆ ಒಂದೇ ಕಿಕ್ಕಿಗೆ ಹಿಡಿಯುವ ಬುಲೆಟ್, ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಒದ್ದರೆ ಜಪ್ಪಯ್ಯ ಅಂದರೂ ಏಳುವುದಿಲ್ಲ. ಅರ್ಧ ಗಂಟೆ ಆರಲು ಬಿಟ್ಟರೆ ಏನೂ ಆಗೇ ಇಲ್ಲವೆಂಬಂತೆ ಸ್ಟಾರ್ಟ್. ಕಾಸ್ಟ್ ಐರನ್ ಎಂಜಿನ್ ಇಟ್ಟುಕೊಂಡವರ ದೂರುಗಳಲ್ಲಿ ಇದೇ ಮುಂದೆ. ‘ಹಳೇ ಗಾಡಿ, ಹಾಗೇ ಇರುತ್ತೆ’ ಅನ್ನುವ ಮಾತನ್ನು ದಯವಿಟ್ಟು ಒಪ್ಪಬೇಡಿ. ನೆಟ್ಟಗಿರುವ ಎಂಜಿನ್ ಬಿಸಿಯಲ್ಲೂ ಎರಡನೇ ಕಿಕ್ಕಿಗೆ ಹಿಡಿಯಲೇಬೇಕು. ಹಿಡಿಯಲಿಲ್ಲ ಅಂದರೆ ಯಾವುದೋ ಒಂದು ಭಾಗ ಕೆಟ್ಟಿದೆ. ಅದು ಕಾರ್ಬೊರೇಟರ್ ಆಗಿರುವುದು ಕಡಿಮೆ, ಆದರೆ ಎಲ್ಲರೂ ಮೊದಲು ಸ್ಕ್ರೂಡ್ರೈವರ್ ಹಾಕುವುದು ಅಲ್ಲಿಗೇ.

ಮೊದಲ ಪರೀಕ್ಷೆ ಕಾಲಿನದು. ಕೀ ಆಫ್ ಮಾಡಿ, ಬೆಳಿಗ್ಗೆ ತಣ್ಣಗಿರುವಾಗ ಕಿಕ್ಕರ್ ಮೇಲೆ ನಿಧಾನವಾಗಿ ಭಾರ ಬಿಡಿ. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಬಂದಾಗ ಅದು ಗಟ್ಟಿಯಾಗಿ ನಿಲ್ಲಬೇಕು. ಬಿಸಿಯಾದ ಮೇಲೆ ಅದೇ ಕಿಕ್ಕರ್ ಹೂ ಎತ್ತಿದ ಹಾಗೆ ಇಳಿದುಹೋದರೆ ತೊಂದರೆ ಪ್ಲಗ್ಗಿನಲ್ಲೂ ಇಲ್ಲ, ಪೆಟ್ರೋಲಿನಲ್ಲೂ ಇಲ್ಲ. ಕಂಪ್ರೆಷನ್ ಎಲ್ಲೋ ಸೋರುತ್ತಿದೆ.

ಅದರಲ್ಲಿ ಯಾರೂ ಗಮನಿಸದ ಕಳ್ಳ ಡಿಕಂಪ್ರೆಷನ್ ಕೇಬಲ್: ಕಿಕ್ಕರ್ ಸಲೀಸಾಗಿ ಇಳಿಯಲು ಆ ಒತ್ತಡವನ್ನು ಹೊರಬಿಡುವ ವಾಲ್ವಿನದು. ಕೇಬಲ್ ಬಿಗಿಯಾಗಿದ್ದರೆ ಹೆಡ್ಡಿನಲ್ಲಿರುವ ಆ ಪುಟ್ಟ ವಾಲ್ವು ಕೂದಲೆಳೆಯಷ್ಟು ತೆರೆದೇ ಇರುತ್ತದೆ. ಎಡಗೈ ಲಿವರಿನಲ್ಲಿ ಒಂದೂವರೆಯಿಂದ ಎರಡು ಎಂಎಂ ಸಡಿಲ ಇರಲೇಬೇಕು. ಹ್ಯಾಂಡಲನ್ನು ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ, ಎರಡೂ ಕಡೆ ಆ ಸಡಿಲ ಉಳಿಯಬೇಕು. ವಾಲ್ವಿನ ಬುಡದಲ್ಲಿ ಕಪ್ಪು ಮಸಿ ಹಿಡಿದಿದ್ದರೆ, ನಿಧಾನ ಕಿಕ್ಕಿಗೆ ‘ಸ್ಸ್’ ಅನ್ನುವ ಸದ್ದು ಬಂದರೆ ಅಲ್ಲೇ ಸೋರಿಕೆ. ಕೇಬಲ್ ಬಿಚ್ಚಿಟ್ಟು ಒಂದು ದಿನ ಓಡಿಸಿದರೆ ಅನುಮಾನ ಪರಿಹಾರ.

ಇನ್ನೊಂದು ಟ್ಯಾಪೆಟ್, ಅಂದರೆ ಪುಶ್ ರಾಡಿನ ಮೂಲಕ ವಾಲ್ವು ತೆರೆಸುವ ಭಾಗ. ಈ ಎಂಜಿನ್ನಿಗೆ ಹೇಳಿರುವ ಕ್ಲಿಯರೆನ್ಸ್ (ಸಂದು) ಸೊನ್ನೆ. ಹಾಗಂದರೆ ಬಿಗಿ ಎಂದಲ್ಲ. ಎಂಜಿನ್ ರಾತ್ರಿಯೆಲ್ಲ ಆರಿರಬೇಕು, ಪಿಸ್ಟನ್ ಕಂಪ್ರೆಷನ್ನಿನ ಮೇಲ್ತುದಿಯಲ್ಲಿರಬೇಕು. ಬಲಗಡೆಯ ಕವರ್ ತೆಗೆದು ಎರಡೂ ಪುಶ್ ರಾಡನ್ನು ಹೆಬ್ಬೆರಳು ತೋರುಬೆರಳಿನಲ್ಲಿ ತಿರುಗಿಸಿ. ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಆಡಬಾರದು. ವರ್ಷಗಟ್ಟಲೆ ಓಡಿದ ಎಕ್ಸಾಸ್ಟ್ ವಾಲ್ವು ಸೀಟಿನೊಳಕ್ಕೆ ಇಳಿಯುತ್ತ ಹೋಗುವುದರಿಂದ ಈ ಹೊಂದಿಕೆ ತಾನಾಗಿಯೇ ಬಿಗಿಯಾಗುತ್ತದೆ. ತಣ್ಣಗಿರುವಾಗ ಹೇಗೋ ನಡೆಯುತ್ತದೆ. ಬಿಸಿಗೆ ವಾಲ್ವಿನ ಕಾಂಡ ಉದ್ದವಾದಾಗ ವಾಲ್ವು ಪೂರ್ತಿ ಕೂರುವುದಿಲ್ಲ. ಟಕಟಕ ಸದ್ದು ಹೋಗಲಿ ಎಂದು ಮೆಕ್ಯಾನಿಕ್ಕಿಗೆ ಹೇಳಿ ಟ್ಯಾಪೆಟ್ ಬಿಗಿ ಮಾಡಿಸುವವರು ಈ ತೊಂದರೆಯನ್ನು ತಾವೇ ಕೊಂಡುಕೊಂಡಂತೆ. ಸ್ವಲ್ಪ ಸದ್ದಿರಲಿ.

ಎರಡೂ ಸರಿಯಿದ್ದೂ ಕಂಪ್ರೆಷನ್ ಇಲ್ಲವಾದರೆ ಪ್ಲಗ್ ತೂತಿನಿಂದ ಒಂದು ಚಮಚ, ಅಂದರೆ 5 ಎಂಎಲ್ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಕಿಕ್ ಒತ್ತಿ. ಗಟ್ಟಿಯಾದರೆ ರಿಂಗ್ ಸವೆದಿದೆ, ಇಲ್ಲದಿದ್ದರೆ ವಾಲ್ವು.

ಕಿಕ್ ಗಟ್ಟಿಯಾಗಿಯೇ ಇದ್ದು ಎಂಜಿನ್ ಏಳದಿದ್ದರೆ ಪ್ಲಗ್ ಬಿಚ್ಚಿ. ಒದ್ದೆಯಿದೆಯೋ ಒಣಗಿದೆಯೋ ನೋಡಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ: ಟ್ಯಾಂಕಿನ ಮುಚ್ಚಳ ತೆರೆಯುವಾಗ ‘ಉಸ್’ ಅಂದರೆ ಗಾಳಿಯ ತೂತು ಕಟ್ಟಿದೆ. ಅನ್ನದಿದ್ದರೆ ಕಾಕ್ (ಟ್ಯಾಂಕಿನ ಪೆಟ್ರೋಲ್ ನಲ್ಲಿ) ಫಿಲ್ಟರ್ ಮತ್ತು ಕಾರ್ಬೊರೇಟರಿನ ಸ್ಲೋ ಜೆಟ್ ತೊಳೆಯಿರಿ. ಇದು ಚಿಕ್ಕ ಕೆಲಸ.

ಒದ್ದೆಯಿದ್ದರೆ ಎರಡರಲ್ಲಿ ಒಂದು: ಪೆಟ್ರೋಲ್ ಹೆಚ್ಚಾಗಿದೆ, ಇಲ್ಲವೇ ಕಿಡಿ ಸಾಲುತ್ತಿಲ್ಲ. ಎಂಜಿನ್ ನಿಲ್ಲಿಸಿದ ಮೇಲೆ ಗಾಳಿ ಬೀಸುವುದಿಲ್ಲ, ಸಿಲಿಂಡರಿನ ಕಾವು ಕಾರ್ಬೊರೇಟರಿಗೆ ಹತ್ತುತ್ತದೆ, ಬೌಲಿನ ಪೆಟ್ರೋಲ್ ಕುದಿದು ಆವಿಯಾಗಿ ಇನ್ಲೆಟ್ಟಿನಲ್ಲಿ ತುಂಬಿಕೊಳ್ಳುತ್ತದೆ. ಬೌಲ್ ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ನೀಡಲ್ ಸವೆದಿದ್ದರೆ ಕಾಕ್ ತೆರೆದಿಟ್ಟಷ್ಟು ಹೊತ್ತೂ ಸೋರುತ್ತಲೇ ಇರುತ್ತದೆ. ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ಪೈಪು, ಓ ರಿಂಗ್ ಬೇಗ ಉಬ್ಬುತ್ತವೆ, ಅವನ್ನೂ ಬದಲಿಸಿ. ದಾರಿಯಲ್ಲಿ ಮಾಡಬೇಕಾದದ್ದು ಇಷ್ಟು: ಕಾಕ್ ಮುಚ್ಚಿ, ಕೀ ಆಫ್, ಆಕ್ಸಲೇಟರ್ ಪೂರ್ತಿ ತಿರುಗಿಸಿ, ಡಿಕಂಪ್ರೆಷನ್ ಲಿವರ್ ಒತ್ತಿ ಹಿಡಿದು ಐದಾರು ಸಲ ಕಿಕ್ ಮಾಡಿ. ಒಳಗಿನ ಆವಿ ಹೊರಗೆ ಹೋಗುತ್ತದೆ. ಚೋಕ್ ಮುಟ್ಟಲೇಬೇಡಿ.

ಆಮೇಲೆ ಸರಿಯಾಗಿ ಒದೆಯಬೇಕು. ಕಾಕ್ ತೆರೆದು, ಕೀ ಆನ್ ಮಾಡಿ ಆಂಪಿಯರ್ ಮೀಟರ್ ಮೇಲೆ ಕಣ್ಣಿಡಿ. ಪಾಯಿಂಟ್ಸ್ ಕೂಡಿದ್ದಾಗ ಮುಳ್ಳು ಮೈನಸ್ ಕಡೆ ವಾಲಿರುತ್ತದೆ. ಕಿಕ್ಕರನ್ನು ಮೆಲ್ಲಗೆ ಒತ್ತುತ್ತ ಹೋದರೆ ಒಂದು ಕಡೆ ಗಟ್ಟಿಯಾಗಿ ನಿಲ್ಲುತ್ತದೆ, ಅಲ್ಲೇ ಮುಳ್ಳು ಚಿಮ್ಮಿ ನಡುವಿಗೆ ಬರುತ್ತದೆ. ಅದು ಪಾಯಿಂಟ್ಸ್ ಬಿಚ್ಚಿಕೊಂಡ ಗಳಿಗೆ. ಡಿಕಂಪ್ರೆಷನ್ ಒತ್ತಿ, ಕಿಕ್ಕರನ್ನು ಇನ್ನೊಂದು ಎರಡು ಬೆರಳಿನಷ್ಟು ಕೆಳಗೆ ತಳ್ಳಿ, ಲಿವರ್ ಬಿಟ್ಟು, ಕಿಕ್ಕರ್ ಮೇಲೆ ಬಂದ ನಂತರ ಇಡೀ ಮೈಭಾರ ಹಾಕಿ ತಳದವರೆಗೆ ಒದೆಯಿರಿ. ಬಿಸಿ ಎಂಜಿನ್ನಿಗೆ ಆಕ್ಸಲೇಟರ್ ಬೇಡ. ಮುಳ್ಳು ಅಲುಗಾಡಲೇ ಇಲ್ಲವೆಂದರೆ ಒದ್ದು ಪ್ರಯೋಜನವಿಲ್ಲ: ಫ್ಯೂಸು, ಬ್ಯಾಟರಿ ಟರ್ಮಿನಲ್ಲು, ಪಾಯಿಂಟ್ಸ್ ಮೊದಲು ನೋಡಿ.

ಇಷ್ಟಾದರೂ ಒದ್ದೆ ಪ್ಲಗ್ಗೇ ಬಂದರೆ ಕಂಡೆನ್ಸರ್, ಅಂದರೆ ಪಾಯಿಂಟ್ಸಿನಲ್ಲಿ ದಪ್ಪ ಕಿಡಿ ಹಾರದಂತೆ ತಡೆಯುವ ಪುಟ್ಟ ಭಾಗ. ನಮ್ಮ ಲೆಕ್ಕದಲ್ಲಿ ಈ ಗಾಡಿಯ ಬಿಸಿ ರೋಗಗಳ ಪೈಕಿ ಮೊದಲನೆಯದು ಇದೇ. ಕಂಡೆನ್ಸರ್ ಇರುವ ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಮೈಗೇ ಅಂಟಿಕೊಂಡಿದೆ. ಕಾವಿಗೆ ಒಳಗಿನ ಇನ್ಸುಲೇಷನ್ ಸೋಲುತ್ತದೆ, ಆರಿದ ಮೇಲೆ ಮತ್ತೆ ಸರಿಯಾಗುತ್ತದೆ. ಅದಕ್ಕೇ ಗ್ಯಾರೇಜಿಗೆ ತಳ್ಳಿಕೊಂಡು ಹೋಗುವಷ್ಟರಲ್ಲಿ ಗಾಡಿ ಸ್ಟಾರ್ಟ್ ಆಗಿ ಬೇಸರ ಹುಟ್ಟಿಸುವುದು. ನೆರಳಿನಲ್ಲಿ ಡಿಸ್ಟ್ರಿಬ್ಯೂಟರ್ ಕವರ್ ತೆಗೆದು, ಇನ್ನೊಬ್ಬರಿಂದ ಕಿಕ್ ಮಾಡಿಸಿ ಪಾಯಿಂಟ್ಸ್ ನೋಡಿ. ಕಂಡೂ ಕಾಣದ ಸಣ್ಣ ಕಿಡಿಯಿದ್ದರೆ ಸರಿ, ದಪ್ಪಗೆ ಚಟಚಟ ಹಾರಿದರೆ ಕಂಡೆನ್ಸರ್ ಹೋಗಿದೆ. ಪಾಯಿಂಟ್ಸಿನ ಒಂದು ಮುಖದಲ್ಲಿ ಗುಳಿ, ಎದುರು ಮುಖದಲ್ಲಿ ಮೊಡವೆಯಂತೆ ಗುಬುಟು ಇದ್ದರೂ ಅದೇ ಅರ್ಥ. ಒಳಗಿನ ಕಂಡೆನ್ಸರ್ ತೆಗೆದು, ಕಾರಿನ ಪಾಯಿಂಟ್ಸಿಗೆ ಬರುವ ಕಂಡೆನ್ಸರನ್ನು ಹೊರಗೆ ಗಾಳಿಯಾಡುವ ಕಡೆ ಕೂರಿಸುವುದು ಒಳ್ಳೆಯ ಪರಿಹಾರ. ವೈರು ಪಾಯಿಂಟ್ಸ್ ಟರ್ಮಿನಲ್ಲಿಗೆ, ಅದರ ಮೈ ಪೇಂಟ್ ಕೆರೆದ ಚಾಸಿಗೆ. ಅರ್ತಿಂಗ್ ಸಿಗದಿದ್ದರೆ ಹಾಕಿಯೂ ಹಾಕದಂತೆ.

ಪಾಯಿಂಟ್ಸ್ ಗ್ಯಾಪ್ 0.35ರಿಂದ 0.40 ಎಂಎಂ. ಕ್ಯಾಮಿಗೆ ಒರೆಸುವ ಹಿಮ್ಮಡಿ ಸವೆದಂತೆ ಗ್ಯಾಪ್ ಕಡಿಮೆಯಾಗಿ ಟೈಮಿಂಗ್ (ಕಿಡಿ ಹಾರುವ ಗಳಿಗೆ) ಹಿಂದೆ ಬೀಳುತ್ತದೆ. ಆದ್ದರಿಂದ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಎಂಜಿನ್ ವೇಗ ಹೆಚ್ಚಿದಂತೆ ಕಿಡಿಯನ್ನು ಮೊದಲೇ ಹಾರಿಸುವ ಅಡ್ವಾನ್ಸ್ ಯೂನಿಟ್ ಪೂರ್ತಿ ಹಿಂದಿದ್ದಾಗ, ಪಿಸ್ಟನ್ ಮೇಲ್ತುದಿ ಮುಟ್ಟಲು 0.8 ಎಂಎಂ ಇರುವಾಗ ಪಾಯಿಂಟ್ಸ್ ಬಿಚ್ಚಬೇಕು. ಬಿಸಿಯಲ್ಲಿ ಕಿಕ್ಕರ್ ತಿರುಗಿ ಹೊಡೆಯುತ್ತಿದ್ದರೆ ಅಡ್ವಾನ್ಸಿನ ಸ್ಪ್ರಿಂಗ್ ಸೋತಿದೆ, ಇಲ್ಲವೇ ತೂಕಗಳು ಜಿಡ್ಡಿಗೆ ಸಿಕ್ಕಿಕೊಂಡಿವೆ. ಕಣಕಾಲು ಮುರಿಯುವ ಹೊಡೆತ ಅದು, ರಿಪೇರಿಯನ್ನು ಮುಂದಕ್ಕೆ ಹಾಕಬೇಡಿ.

ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಕೊಡುವ ಕಾಯಿಲ್ ಅಷ್ಟು ಬೇಗ ಹೋಗುವುದಿಲ್ಲ. ಆದರೆ ಎಂಜಿನ್ ನಿಲ್ಲಿಸಿ ಕೀ ಆನ್ ಇಟ್ಟು ಹೋದಾಗ ಪಾಯಿಂಟ್ಸ್ ಕೂಡಿಕೊಂಡಿದ್ದರೆ ಕರೆಂಟ್ ಹರಿಯುತ್ತಲೇ ಇದ್ದು ಕಾಯಿಲ್ ಕಾದು ಹಾಳಾಗುತ್ತದೆ. ಡಿಕಂಪ್ರೆಷನ್ ಒತ್ತಿ ಎಂಜಿನ್ ಆರಿಸುವವರಿಗೆ ಈ ಮರೆವು ಹೆಚ್ಚು.

ಪಾಯಿಂಟ್ಸ್ ತೆಗೆದು ಎಲೆಕ್ಟ್ರಾನಿಕ್ ಕಿಟ್ ಹಾಕಿಸಬಹುದೇ? ಊರೊಳಗೇ ಓಡಾಡುವವರಿಗೆ ಹೌದು, ಗ್ಯಾಪ್ ನೋಡುವ ಕೆಲಸವೇ ಇಲ್ಲ. ಆದರೆ ಬ್ಯಾಟರಿ ಇಳಿದಿದ್ದರೆ ಅದೂ ಕೈಕೊಡುತ್ತದೆ, ದಾರಿಯಲ್ಲಿ ಸತ್ತರೆ ರಿಪೇರಿ ಇಲ್ಲ. ಘಾಟಿ ತಿರುಗುವವರಿಗೆ ಪಾಯಿಂಟ್ಸೇ ಮೇಲು: ಗ್ಯಾಪ್ ಅಳೆಯುವ ಒಂದು ಫೀಲರ್ ಗೇಜ್, ಒಂದು ತುಂಡು 400 ನಂಬರ್ ಎಮರಿ ಪೇಪರ್ ಇದ್ದರೆ ಎಲ್ಲಿ ಬೇಕಾದರೂ ಸರಿಮಾಡಿಕೊಂಡು ಮನೆ ಸೇರಬಹುದು.

ಗಾಡಿಗೆ ನಮ್ಮ ಅಂಕ ಐದಕ್ಕೆ ನಾಲ್ಕು. ಈಗ ಸಿಗುವ ಬಿಡಿಭಾಗಗಳ ಗುಣಮಟ್ಟಕ್ಕೆ ಎರಡು ಕೊಡುವುದೂ ಕಷ್ಟ. ಪೊಟ್ಟಣ ಒಡೆದ ದಿನವೇ ಸತ್ತಿರುವ ಕಂಡೆನ್ಸರ್ ಸಿಗುವುದುಂಟು. ಹಾಗಾಗಿ ಸ್ಪೇರ್ ತಂದಾಗ ಹೊಸದನ್ನು ಗಾಡಿಗೆ ಹಾಕಿ, ಬಿಸಿಯಲ್ಲಿ ನಾಲ್ಕಾರು ಸಲ ನಿಲ್ಲಿಸಿ ಸ್ಟಾರ್ಟ್ ಮಾಡಿ ನೋಡಿ, ಚೆನ್ನಾಗಿ ಓಡುತ್ತಿದ್ದ ಹಳೆಯದನ್ನು ಟೂಲ್ ಬಾಕ್ಸಿನಲ್ಲಿ ಇಟ್ಟುಕೊಳ್ಳಿ.