ಕಾಫಿ ಹಣ್ಣು ತೂಗಲು ತಂದ ಎಲೆಕ್ಟ್ರಾನಿಕ್ ತಕ್ಕಡಿ: ಒಂದು ಕೊಯ್ಲಿನ ಅನುಭವ

ಕೊಡಗಿನ ಅಮ್ಮತ್ತಿ ಸಮೀಪದ ಕಾಫಿ ತೋಟವೊಂದರಲ್ಲಿ ಕೊಯ್ಲಿನ ಗುಂಪನ್ನು ನೋಡಿಕೊಳ್ಳುವವಳು ನಾನು. ಕಳೆದ ಬಾರಿ ರೋಬಸ್ಟಾ ತಳಿಯ ಕಾಫಿ ಹಣ್ಣಾಗುವ ಹೊತ್ತಿಗೆ ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯಿಂದ 14 ಮಂದಿ ಬಂದರು. ಎಲ್ಲರೂ 18ರಿಂದ 23ರೊಳಗಿನವರು. ಆಧಾರ್ ಕಾರ್ಡಿನಲ್ಲಿ ವಯಸ್ಸು ನೋಡಿದ ಮೇಲೆಯೇ ಕೆಲಸಗಾರರು ಉಳಿಯುವ ಲೈನ್ ಮನೆಯ ಬೀಗದ ಕೈ ಕೊಟ್ಟೆ. ಅದೇ ವಾರ ಗೋಣಿಕೊಪ್ಪದ ಅಂಗಡಿಯೊಂದರಿಂದ ಈ ತೂಗುತಕ್ಕಡಿ ತಂದೆ. ಬೆಲೆ 2,900 ರೂಪಾಯಿ. 100 ಕಿಲೋವರೆಗೆ ತೂಗುತ್ತದೆ, 50 ಗ್ರಾಂ ವ್ಯತ್ಯಾಸವನ್ನೂ ತೋರಿಸುತ್ತದೆ.

ಮೊದಲು ನಮ್ಮಲ್ಲಿದ್ದದ್ದು ಮುಳ್ಳಿನ ಸ್ಪ್ರಿಂಗ್ ತಕ್ಕಡಿ. ಮುಳ್ಳು ಎರಡು ಗೆರೆಗಳ ನಡುವೆ ನಿಂತರೆ ಕೆಳಗಿನ ಗೆರೆಯನ್ನೇ ಬರೆಯುವುದು, ಮೇಲಿಂದ ಚೀಲದ ತೂಕವೆಂದು ಒಂದಿಷ್ಟು ಮುರಿದುಕೊಳ್ಳುವುದು ರೂಢಿ. ಎರಡೂ ಸೇರಿ ಚೀಲಕ್ಕೆ ಅರ್ಧ ಕಿಲೋ ಹೋಗುತ್ತಿತ್ತು. ನಮ್ಮಲ್ಲಿ ಕಿಲೋ ಹಣ್ಣಿಗೆ 5 ರೂಪಾಯಿ ಕೂಲಿ. ಒಬ್ಬರು ದಿನಕ್ಕೆ ಮೂರು ಚೀಲ ಕೊಯ್ದರೆ ಏಳೂವರೆ ರೂಪಾಯಿ ಕಡಿಮೆಯಾಯಿತು. 14 ಮಂದಿಗೆ, 60 ದಿನಕ್ಕೆ ಲೆಕ್ಕ ಹಾಕಿ ನೋಡಿ: 6,300 ರೂಪಾಯಿ. ತಕ್ಕಡಿಯ ಬೆಲೆಯ ಎರಡು ಪಟ್ಟಿಗಿಂತಲೂ ಹೆಚ್ಚು! ಇಷ್ಟು ವರ್ಷ ಈ ಲೆಕ್ಕ ಹಾಕಿರಲಿಲ್ಲವಲ್ಲ ಎಂದು ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ತಕ್ಕಡಿಯಲ್ಲಿ ನನಗೆ ಎಲ್ಲಕ್ಕಿಂತ ಬೆಲೆಬಾಳುವುದಾಗಿ ಕಂಡದ್ದು 'ಟೇರ್' ಗುಂಡಿ. ಖಾಲಿ ಚೀಲವನ್ನು ಕೊಕ್ಕೆಗೆ ಹಾಕಿ ಅದನ್ನು ಒತ್ತಿದರೆ ಅಂಕಿ ಸೊನ್ನೆಗೆ ಬರುತ್ತದೆ. ಆಮೇಲೆ ಕಾಣುವುದು ಹಣ್ಣಿನ ತೂಕ ಮಾತ್ರ. ಇಬ್ಬನಿಯಲ್ಲಿ ನೆನೆದ ಗೋಣಿಚೀಲ ಒಣ ಪ್ಲಾಸ್ಟಿಕ್ ಚೀಲಕ್ಕಿಂತ ಎಷ್ಟೋ ಭಾರ. ಎರಡಕ್ಕೂ ಒಂದೇ ಕಡಿತ ಹಾಕುವುದು ಅನ್ಯಾಯ ಎಂಬುದು ಹುಡುಗರಿಗೆ ನಾನು ಹೇಳದೆಯೇ ಗೊತ್ತಿತ್ತು. ಈಗ ಪ್ರತಿಯೊಬ್ಬರ ಚೀಲದ ತೂಕವನ್ನೂ ಬೆಳಿಗ್ಗೆಯೇ ನೋಡಿ, ಅವರ ಹೆಸರಿನ ಮುಂದೆ ಬರೆದುಕೊಳ್ಳುತ್ತೇನೆ.

ತಂದ ಮೂರನೆಯ ದಿನ ನಡೆದದ್ದನ್ನು ಹೇಳಲೇಬೇಕು. ಎರಡು ಸಿಲ್ವರ್ ಓಕ್ ಮರಗಳ ನಡುವೆ ಬಿದಿರಿನ ಗಳ ಕಟ್ಟಿ ತಕ್ಕಡಿ ತೂಗುಹಾಕಿದ್ದೆ. ಒಬ್ಬ ಹುಡುಗನ ಚೀಲ ಏರಿಸಿದಾಗ ಅಂಕಿ 43.60, 44.20, 43.85 ಎಂದು ಕುಣಿಯುತ್ತಿತ್ತು. ಅವನು ನನ್ನ ಪಕ್ಕಕ್ಕೆ ಬಂದು, "ಅಕ್ಕಾ, ನನ್ನ ಚೀಲದ ಅಂಕಿ ನಾನೇ ಓದಲೇ?" ಎಂದ. ಓದು ಎಂದೆ. ಎರಡೂ ಕೈಯಿಂದ ಚೀಲದ ಓಲಾಟ ನಿಲ್ಲಿಸಿ, ಕೈ ಬಿಟ್ಟು, ಉಸಿರು ಬಿಗಿಹಿಡಿದು ನಿಂತ. ಅಂಕಿ 43.90ರಲ್ಲಿ ನಿಂತಿತು. ಗಟ್ಟಿಯಾಗಿ ಓದಿದ, ನಾನು ಬರೆದೆ, ಅವನು ತನ್ನ ಮೊಬೈಲಿನಲ್ಲಿಯೂ ಬರೆದುಕೊಂಡ. ಮರುದಿನದಿಂದ ಅದೇ ನಿಯಮವಾಯಿತು: ಚೀಲ ಯಾರದೋ, ಅಂಕಿ ಓದುವವರು ಅವರೇ. ಶನಿವಾರ ಬಟವಾಡೆಯ ಹೊತ್ತಿಗೆ ನನ್ನ ಪುಸ್ತಕವೂ ಅವರ ಮೊಬೈಲುಗಳೂ ತಾಳೆಯಾದವು. ಹಿಂದಿನ ವರ್ಷ ಬಟವಾಡೆಯ ದಿನವೇ ಇಬ್ಬರು ಜಗಳವಾಡಿ ಊರಿಗೆ ಹೋಗಿದ್ದರು. ಈ ಬಾರಿ ಮಾರ್ಚ್‌ವರೆಗೆ ಒಬ್ಬರೂ ಹೋಗಲಿಲ್ಲ.

ಕೊರತೆಗಳೂ ಇವೆ. ಅಂಕಿಯ ಪರದೆ ಇರುವುದು ಒಂದೇ ಬದಿಗೆ. ತೂಗುವವರಿಗೆ ಕಾಣುತ್ತದೆ, ಎದುರಿಗೆ ಚೀಲ ಹಿಡಿದವರಿಗೆ ಕಾಣುವುದಿಲ್ಲ. ಕೂಲಿಯ ಲೆಕ್ಕಕ್ಕೆ ಬಳಸುವ ತಕ್ಕಡಿಗೆ ಎರಡೂ ಕಡೆ ಅಂಕಿ ಇರಬೇಕು, ತಯಾರಿಸುವವರು ಇದನ್ನು ಗಮನಿಸಲೇಬೇಕು. ಬಿಸಿಲು ನೇರವಾಗಿ ಬಿದ್ದರೆ ಕೆಂಪು ಅಂಕಿ ಮಸುಕಾಗುತ್ತದೆ; ನಾನು ರಟ್ಟಿನ ಮರೆ ಕಟ್ಟಿಕೊಂಡೆ. ರಾತ್ರಿ ಚಾರ್ಜಿಗೆ ಹಾಕಲು ಮರೆತರೆ ಮರುದಿನ ಸಂಜೆಯ ತೂಕಕ್ಕೆ ಕೈಕೊಡುತ್ತದೆ. ನಮ್ಮ ಕಡೆ ಇದು ಸಣ್ಣ ವಿಷಯವಲ್ಲ. ಕತ್ತಲಾದರೆ ಆನೆ ತೋಟಕ್ಕೆ ಇಳಿಯುತ್ತದೆ. ನಾಲ್ಕು ಗಂಟೆಗೆ ತೂಕ ಶುರು ಮಾಡಿ, ನಲವತ್ತಕ್ಕೂ ಹೆಚ್ಚು ಚೀಲಗಳನ್ನು ಟ್ರ್ಯಾಕ್ಟರಿಗೆ ಹಾಕಿ, ಬೆಳಕಿರುವಾಗಲೇ ಎಲ್ಲರನ್ನೂ ಲೈನಿಗೆ ಸೇರಿಸಬೇಕು.

ಜನವರಿಯಲ್ಲಿ ಒಮ್ಮೆ ಗಳ ಜಾರಿ ತಕ್ಕಡಿ ಕೆಳಗೆ ಬಿತ್ತು. ಆಮೇಲೆ ಕೊಕ್ಕೆ ಖಾಲಿಯಿದ್ದಾಗಲೂ 0.35 ತೋರಿಸುತ್ತಿತ್ತು. ರಿಪೇರಿಗೆ ನಾಲ್ಕು ದಿನ ಹಿಡಿಯಿತು. ಅಂದಿನಿಂದ ಪ್ರತಿದಿನ ಮೊದಲ ಚೀಲಕ್ಕಿಂತ ಮುಂಚೆ 20 ಕಿಲೋದ ಕಬ್ಬಿಣದ ತೂಕದ ಕಲ್ಲನ್ನು ಎಲ್ಲರೆದುರು ತೂಗಿ ತೋರಿಸುತ್ತೇನೆ.

ಕೊಳ್ಳುವವರಿಗೆ ಒಂದು ಮುಖ್ಯ ಮಾತು. ಅಂಗಡಿಯವರು ನನಗೆ ಮೊದಲು ಕೊಟ್ಟ ತಕ್ಕಡಿಗೆ, ತೂಕ ಸರಿಯಿದೆ ಎಂದು ಪರೀಕ್ಷಿಸಿ ಹಾಕುವ ಸರ್ಕಾರಿ ಮುದ್ರೆ ಇರಲಿಲ್ಲ. "ತೋಟಕ್ಕೆ ತಾನೇ, ಮುದ್ರೆ ಯಾಕೆ?" ಎಂದರು. ಅದು ತಪ್ಪು. ತೂಕ, ಅಳತೆಗಳಿಗೆ ಸಂಬಂಧಿಸಿದ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಲ್ಲಿ ಮಾರುವುದು, ಕೊಳ್ಳುವುದು ಮಾತ್ರವಲ್ಲ, ತೂಕ ಮಾಡಿ ಕೂಲಿ ನಿರ್ಧರಿಸುವುದೂ ವ್ಯವಹಾರವೇ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮರುಮುದ್ರೆ ಆಗಬೇಕು. ನಾನು ಹಟ ಹಿಡಿದು ಮುದ್ರೆ ಹಾಕಿಸಿಕೊಂಡೇ ತಂದೆ. ನಮ್ಮ ಕೈಕೆಳಗೆ ದುಡಿಯುವವರು ಮೊದಲ ಬಾರಿ ಮನೆ ಬಿಟ್ಟು ಬಂದ ಮಕ್ಕಳು, ಅವರ ಬೆವರನ್ನು ಮುದ್ರೆಯಿಲ್ಲದ ತಕ್ಕಡಿಯಲ್ಲಿ ತೂಗಲು ನನ್ನ ಮನಸ್ಸು ಒಪ್ಪಲಿಲ್ಲ.

ಈ ವರ್ಷವೂ ಇದೇ ತಕ್ಕಡಿ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಮುಗಿಯುತ್ತಿದ್ದಂತೆ ಮರುಮುದ್ರೆಗೆ ಒಯ್ಯಬೇಕು. ಕಳೆದ ವರ್ಷದ 14 ಮಂದಿಯಲ್ಲಿ 11 ಮಂದಿ ಬರುತ್ತೇವೆಂದು ಈಗಾಗಲೇ ಫೋನು ಮಾಡಿದ್ದಾರೆ.