ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೈಬಿಡುವ ಮೊದಲು ಇದನ್ನೊಮ್ಮೆ ಓದಿ

ಮೊನ್ನೆ ರಾತ್ರಿ ಜೂನಿಯರ್ ಒಬ್ಬಳು ಫೋನ್ ಮಾಡಿದಳು. ಬಿಎಸ್ಸಿ ನರ್ಸಿಂಗ್ ಈಗಷ್ಟೇ ಮುಗಿಸಿದ್ದಾಳೆ. "ಅಕ್ಕ, ಮಂಗಳೂರಲ್ಲಿ ಕೆಲಸ ಸಿಕ್ಕಿತು. ನಾಳೆ ಒರಿಜಿನಲ್ಸ್ ತರ್ಲಿಕ್ಕೆ ಹೇಳಿದ್ದಾರೆ. ಕೊಡಬಹುದಲ್ವಾ?" ಎಂದಳು. ನನ್ನ ನಿದ್ದೆ ಹಾರಿಹೋಯಿತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಆಸ್ಪತ್ರೆಯ ಹೆಸರು ಮಾತ್ರ ಕೇಳಬೇಡಿ.

ನನ್ನ ರಿಸಲ್ಟ್ ಬಂದ ವಾರವೇ ಒಂದು ನರ್ಸಿಂಗ್ ಹೋಮಿನಿಂದ ಕರೆ ಬಂತು. ನಲವತ್ತು ಬೆಡ್ಡಿನ ಜಾಗ. ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸು ಹತ್ತಿ ಅಮ್ಮನ ಜೊತೆ ಹೋದೆ. ಇಂಟರ್‌ವ್ಯೂ ಹತ್ತು ನಿಮಿಷವೂ ಇರಲಿಲ್ಲ. ಐವಿ ಹಾಕಲು ಬರುತ್ತದಾ, ನೈಟ್ ಮಾಡ್ತೀರಾ, ಮದುವೆ ಯಾವಾಗ, ಇಷ್ಟೇ. "ಈಗ ಟ್ರೈನಿ ಅಂತ 9,000 ಕೊಡ್ತೇವೆ ಸಿಸ್ಟರ್. ಕೌನ್ಸಿಲ್ ರಿಜಿಸ್ಟ್ರೇಷನ್ ಬಂದ ಕೂಡಲೇ 16,000" ಎಂದರು. ಕೌನ್ಸಿಲ್ ಅಂದರೆ ನರ್ಸ್‌ಗಳ ಹೆಸರು ನೋಂದಾಯಿಸುವ ರಾಜ್ಯ ನರ್ಸಿಂಗ್ ಕೌನ್ಸಿಲ್. ಅಮ್ಮ ಬೀಡಿ ಕಟ್ಟಿ ಓದಿಸಿದವರು. ಲೋನಿನ ಕಂತು ಬೇರೆ ಶುರುವಾಗುವುದರಲ್ಲಿತ್ತು. ನಾನು ಹೂಂ ಎಂದೆ.

ಆಮೇಲೆ ಸ್ಟಾಂಪ್ ಪೇಪರ್ ಬಂತು. ಎರಡು ವರ್ಷ ಬಿಡುವಂತಿಲ್ಲ, ಬಿಟ್ಟರೆ ಒಂದು ಲಕ್ಷ ಕಟ್ಟಬೇಕು. ಸಂಬಳ ಎಷ್ಟು ಎನ್ನುವ ಜಾಗ ಮಾತ್ರ ಖಾಲಿ. "ಅದನ್ನು ಆಮೇಲೆ ತುಂಬಿಸ್ತೇವೆ" ಎಂದರು. ನನಗೊಂದು ಜೆರಾಕ್ಸ್ ಕೊಡಿ ಎಂದರೆ, ಅದು ಆಫೀಸ್ ಕಾಪಿ ಎಂದರು. ಮಾರ್ಕ್ಸ್ ಕಾರ್ಡುಗಳನ್ನು ತೆಗೆದುಕೊಂಡದ್ದಕ್ಕೆ ರಸೀದಿ ಕೇಳಿದೆ. "ಯಾಕೆ ಸಿಸ್ಟರ್, ನಂಬಿಕೆ ಇಲ್ವಾ?" ಅಮ್ಮನ ಎದುರು ಹಾಗೆ ಕೇಳಿದರೆ ಎಂತ ಹೇಳುವುದು? ಫೈಲು ಕಪಾಟಿನೊಳಗೆ ಹೋಯಿತು.

ಎರಡು ತಿಂಗಳಾದ ಮೇಲೆ ಆಟ ಅರ್ಥವಾಯಿತು. ರಿಜಿಸ್ಟ್ರೇಷನ್‌ಗೆ ಬೆಂಗಳೂರಿಗೆ ಹೋಗಬೇಕು, ಕೌನ್ಸಿಲ್‌ಗೆ ತೋರಿಸಲು ಒರಿಜಿನಲ್ ಬೇಕು ಎಂದೆ. "ಬಾಂಡ್ ಇರುವಾಗ ಒರಿಜಿನಲ್ ಹೊರಗೆ ಕೊಡುವುದಿಲ್ಲ" ಎಂದರು. ಒರಿಜಿನಲ್ ಇಲ್ಲದೆ ರಿಜಿಸ್ಟ್ರೇಷನ್ ಇಲ್ಲ. ರಿಜಿಸ್ಟ್ರೇಷನ್ ಇಲ್ಲದೆ 16,000 ಇಲ್ಲ. ಎಷ್ಟು ಚಂದದ ಲೆಕ್ಕ ನೋಡಿ! ಟ್ರೈನಿ ಎನ್ನುವುದು ಸಂಬಳಕ್ಕೆ ಮಾತ್ರ. ರಾತ್ರಿ ಇಡೀ ಮಹಡಿಗೆ ನಾನೊಬ್ಬಳೇ ಸಿಸ್ಟರ್. ಒಂದು ರಾತ್ರಿ ಇಪ್ಪತ್ತೆರಡು ಪೇಷಂಟ್‌ಗಳು. ಒಂದು ಕಡೆ ಡ್ರಿಪ್ ಬದಲಿಸುವಾಗ ಇನ್ನೊಂದು ಕಡೆ ಅಜ್ಜಿಯೊಬ್ಬರು ಮಂಚದಿಂದ ಇಳಿಯಲು ಹೋಗಿ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಏನಾದರೂ ಆಗಿದ್ದರೆ ಚಾರ್ಟಿನಲ್ಲಿ ಇದ್ದದ್ದು ನನ್ನ ಸಹಿ. ರಿಜಿಸ್ಟ್ರೇಷನ್ ನಂಬರೇ ಇಲ್ಲದವಳ ಸಹಿ.

ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. ಗಲ್ಫ್ ಲೈಸೆನ್ಸ್‌ಗೆ ಹಾಕುವಾಗ ಸಾಮಾನ್ಯವಾಗಿ ರಿಜಿಸ್ಟ್ರೇಷನ್ ಆದ ಮೇಲಿನ ಅನುಭವವನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಅಂದರೆ ನಾನು ದುಡಿದ ಏಳು ತಿಂಗಳು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಇಂಥ ಹೊತ್ತಿಗೇ ಎರಡನೇ ಆಫರ್ ಬರುವುದು. ಮಂಗಳೂರು ಹಂಪನಕಟ್ಟೆಯ ಜ್ಯೂಸ್ ಅಂಗಡಿಯೊಂದರಲ್ಲಿ ಕೂತು ಒಬ್ಬ ಅಣ್ಣ ಕುವೈತಿನ ಕೆಲಸ ಹೇಳಿದ. ಎರಡು ಲಕ್ಷ ಕೊಟ್ಟರೆ ಸಾಕು, ವಿಸಿಟ್ ವೀಸಾದಲ್ಲಿ ಹೋಗಿ ಪರೀಕ್ಷೆ ಅಲ್ಲೇ ಬರೆದರಾಯಿತು ಎಂದ. ಸರ್ಟಿಫಿಕೇಟು ಹೇಗೂ ಕಪಾಟಿನಲ್ಲಿದೆ, ಓಡಿಹೋದರೆ ಸಾಕು ಅನಿಸಿತ್ತು, ಸುಳ್ಳು ಹೇಳುವುದಿಲ್ಲ. ಆದರೆ 2015ರ ಕುವೈತ್ ಹಗರಣ ನಮ್ಮ ಹಾಸ್ಟೆಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. 19,500 ರೂಪಾಯಿ ತೆಗೆದುಕೊಳ್ಳಬೇಕಾದಲ್ಲಿ ಕೆಲಸ ಕೊಡಿಸುವ ಏಜೆನ್ಸಿಯೊಂದು ಒಬ್ಬೊಬ್ಬ ನರ್ಸ್‌ನಿಂದ ಹತ್ತೊಂಬತ್ತೂವರೆ ಲಕ್ಷ ಕಿತ್ತಿತ್ತು ಅಂತ ಕೇಸಾಗಿತ್ತು. ಆ ವರ್ಷದಿಂದ ಗಲ್ಫ್ ಸೇರಿ 18 ದೇಶಗಳಿಗೆ ಹೋಗುವ ನರ್ಸ್‌ಗಳಿಗೆ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ಕೆಲಸಕ್ಕೆ ಹೊರದೇಶಕ್ಕೆ ಹೋಗಲು ಸರ್ಕಾರದ ಅನುಮತಿ, ಕಡ್ಡಾಯ. ವಿಸಿಟ್ ವೀಸಾ ಎನ್ನುವುದು ಅದನ್ನು ತಪ್ಪಿಸುವ ಕಳ್ಳದಾರಿ. ಏಜೆಂಟರ ಫೀಸಿಗೂ ಮಿತಿ ಉಂಟು, 30,000 ಮತ್ತು ಜಿಎಸ್‌ಟಿ. ನಿಮ್ಮ ಲೈಸೆನ್ಸ್ ನಂಬರ್ ಹೇಳಿ, ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಡ್ತೇನೆ ಎಂದೆ. ಅವನಿಗೆ ಆಗಲೇ ಒಂದು ಅರ್ಜೆಂಟ್ ಫೋನ್ ಬಂತು. ಜ್ಯೂಸಿನ ದುಡ್ಡೂ ನಾನೇ ಕೊಟ್ಟೆ.

ಕೊನೆಗೆ ಮಾವ ಬಂದರು. ಯಾವ ಯಾವ ಒರಿಜಿನಲ್ ಕೊಟ್ಟಿದ್ದೆನೋ ಅಷ್ಟನ್ನೂ ಪಟ್ಟಿ ಮಾಡಿ, ವಾಪಸ್ ಕೊಡಿ ಎಂದು ರಿಜಿಸ್ಟರ್ ಪೋಸ್ಟ್ ಹಾಕಿಸಿದರು. ಪತ್ರದ ಕೆಳಗೆ 'ಪ್ರತಿ: ಕಾರ್ಮಿಕ ಇಲಾಖೆ, ಪೊಲೀಸ್ ಕಮಿಷನರ್' ಎಂದು ಬರೆಸಿದರು. ಪ್ರತಿ ಯಾರಿಗೂ ಕಳಿಸಿರಲಿಲ್ಲ, ಸುಮ್ನೆ ಬರೆದದ್ದು. ಹನ್ನೆರಡನೇ ದಿನಕ್ಕೆ ಫೋನ್ ಬಂತು. ಕೊನೆಯ ತಿಂಗಳ ಸಂಬಳ ಕೊಡಲಿಲ್ಲ, ಫೈಲು ಕೊಟ್ಟರು. ಮೂರನೇ ವರ್ಷದ ಮಾರ್ಕ್ಸ್ ಕಾರ್ಡಿಗೆ ಪಂಚಿಂಗ್ ಮೆಷಿನ್‌ನಿಂದ ಎರಡು ತೂತು ಹೊಡೆದಿದ್ದರು. ಒಂದು ತೂತು ಸರಿಯಾಗಿ ನನ್ನ ಹೆಸರಿನ ಮೇಲೆ.

ಜೂನಿಯರ್‌ಗೆ ನಾನು ಸಂಬಳದ ವಿಷಯ ಜಾಸ್ತಿ ಹೇಳಲಿಲ್ಲ. ಖಾಸಗಿ ಆಸ್ಪತ್ರೆಯ ನರ್ಸ್‌ಗಳ ಬಗ್ಗೆ 2016ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಬಂದ ಸಮಿತಿ, 50 ಬೆಡ್ಡಿಗಿಂತ ಸಣ್ಣ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ 20,000ಕ್ಕಿಂತ ಕಡಿಮೆ ಕೊಡಬಾರದು ಎಂದಿತ್ತು. ಅದನ್ನು ಪಾಲಿಸುವವರು ಎಷ್ಟು ಜನ ಅಂತ ನಮಗೆ ಗೊತ್ತಲ್ವಾ. ಮೊದಲ ಕೆಲಸ, ಸ್ವಲ್ಪ ಕಡಿಮೆಯಾದರೂ ತಡೆದುಕೊಳ್ಳಬಹುದು. ಕಾಗದದ ವಿಷಯ ಹಾಗಲ್ಲ. ಒರಿಜಿನಲ್ ತೋರಿಸು, ಅವರು ನೋಡಿದ ಮೇಲೆ ವಾಪಸ್ ಬ್ಯಾಗಿಗೆ ಹಾಕು. ಸಂಬಳ ಬರೆದ ಆಫರ್ ಲೆಟರ್ ಕೇಳು. ಸಹಿ ಮಾಡಿದ್ದರ ಪ್ರತಿ ಕೊಡದಿದ್ದರೆ ಎದ್ದು ಬಾ. ಮೊದಲು ಕೌನ್ಸಿಲ್ ಕೆಲಸ ಮುಗಿಸು, ತಿಂಗಳು ತಡವಾದರೆ ಆಗಲಿ.

ಮರುದಿನ ಮಧ್ಯಾಹ್ನ ಅವಳ ಮೆಸೇಜು ಬಂತು. "ಜೆರಾಕ್ಸ್ ಮಾತ್ರ ಕೊಡ್ತೇನೆ ಅಂದೆ ಅಕ್ಕ. ಹಾಗಾದ್ರೆ ಬೇರೆಯವರನ್ನು ನೋಡ್ತೇವೆ ಅಂದ್ರು." ಜೊತೆಗೊಂದು ಫೋಟೋ. ಉಡುಪಿ ಬಸ್ಸಿನ ಕಿಟಕಿ ಸೀಟು, ಮಡಿಲಲ್ಲಿ ಫೈಲು.