ಗೋಕರ್ಣದ ಹೋಮ್‌ಸ್ಟೇ: ರೂಮು ಸುಮಾರು, ಅಂಗಳ ಸೂಪರ್

ಮೇ ತಿಂಗಳಲ್ಲಿ ಐದು ದಿನ ಇದ್ದು ಬಂದೆವು. ನಾನು, ನಮ್ಮವರು, ಇಬ್ಬರು ಮಕ್ಕಳು, ಜೊತೆಗೆ ಮೊಣಕಾಲು ನೋವಿನ ಅತ್ತೆ. ಸ್ವಲ್ಪ ಬೈಯುವುದೂ ಇದೆ, ಹಾಗಾಗಿ ಮನೆಯ ಹೆಸರು ಹಾಕುತ್ತಿಲ್ಲ. ಪಾಪ, ಮೂರೇ ರೂಮು ಇಟ್ಟುಕೊಂಡವರು.

ಮೊದಲು ಬೈಗುಳ. ಫೋನಲ್ಲಿ ಕೇಳಿದಾಗ "ಬೀಚಿಗೆ ಐದೇ ನಿಮಿಷ" ಅಂದಿದ್ದರು. ಅವರ ಮಗ ಬೈಕಲ್ಲಿ ಹೋದರೆ ಐದು ಇರಬಹುದು, ಅತ್ತೆಯ ಕೈ ಹಿಡಿದು ನಡೆದರೆ ಇಪ್ಪತ್ತು. ಎಸಿ ಇದೆ, ಆದರೆ ಸಂಜೆ ವೋಲ್ಟೇಜ್ ಇಳಿದರೆ ಬರೀ ಸದ್ದು ಮಾಡುತ್ತದೆ. ಎರಡು ರಾತ್ರಿ ಗುಡುಗು ಶುರುವಾದ ಕೂಡಲೇ ಕರೆಂಟೇ ಹೋಯಿತು, ಇನ್ವರ್ಟರಿನಲ್ಲಿ ಒಂದು ಲೈಟು, ಒಂದು ಫ್ಯಾನು ಅಷ್ಟೇ. ಕರಾವಳಿಯ ಮೇ ಸೆಕೆ ಬೆಂಗಳೂರಿನವರಿಗೆ ಹೇಳಿದರೆ ಗೊತ್ತಾಗುವುದಿಲ್ಲ. ಸ್ನಾನ ಮುಗಿಸಿ ಟವೆಲ್ ಒಣಹಾಕುವಷ್ಟರಲ್ಲಿ ಮತ್ತೆ ಬೆವರು. ಬಾವಿ ನೀರೂ ಬೇಸಿಗೆ ಕೊನೆಗೆ ಉಪ್ಪುಪ್ಪು, ಸೋಪು ನೊರೆ ಬರುವುದಿಲ್ಲ. ಇದನ್ನೆಲ್ಲ ಮೊದಲೇ ಹೇಳಬಹುದಿತ್ತು, ಅಲ್ವಾ?

ಇಷ್ಟಾದರೂ ಮುಂದಿನ ರಜಕ್ಕೂ ಅಲ್ಲೇ ಹೇಳಿಟ್ಟು ಬಂದಿದ್ದೇವೆ. ಕಾರಣ ಅಂಗಳ.

ಅರ್ಧ ಅಂಗಳಕ್ಕೆ ಚಪ್ಪರ, ಉಳಿದರ್ಧ ಬಿಸಿಲಿಗೆ ಹಾಸಿದ ಚಾಪೆ, ಚಾಪೆ ತುಂಬ ಹಲಸಿನ ಹಪ್ಪಳ. ನಾವು ಹೋದ ಮರುದಿನವೇ ಇನ್ನೊಂದು ಸುತ್ತಿನ ಕೆಲಸ ಶುರುವಾಯಿತು. ಬೆಂದ ತೊಳೆಗೆ ಉಪ್ಪು, ಮೆಣಸು, ಜೀರಿಗೆ ಹಾಕಿ ರುಬ್ಬಿ, ಉಂಡೆ ಕಟ್ಟಿ, ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಮೇಲೊಂದು ಮಣೆ. ಆ ಮಣೆಯ ಮೇಲೆ ನನ್ನ ಆರು ವರ್ಷದ ಮಗಳನ್ನು ನಿಲ್ಲಿಸಿಬಿಟ್ಟರು! ಅವಳ ತೂಕಕ್ಕೆ ಹಪ್ಪಳ ಸರಿಯಾಗಿ ತೆಳುವಾಗುತ್ತದಂತೆ. ಮಗನಿಗೆ ಕೋಲು ಕೊಟ್ಟು ಕಾಗೆ ಕಾಯಲು ಕೂರಿಸಿದರು. ಅವನು ಕಾದದ್ದಕ್ಕಿಂತ ಹಸಿ ಹಿಟ್ಟು ತಿಂದದ್ದೇ ಜಾಸ್ತಿ. ಎರಡು ಬೆಳಿಗ್ಗೆ ಯಾರೂ ಮೊಬೈಲ್ ಕೇಳಲಿಲ್ಲ.

ಬೀಚಿಗೆ ಹೊತ್ತು ಹೇಳುವುದು ಮನೆಯ ಅಜ್ಜ. ನಾವು ಮಧ್ಯಾಹ್ನ ಮೂರಕ್ಕೇ ಟೋಪಿ ಹಾಕಿಕೊಂಡು ನಿಂತರೆ "ಎಂತಕ್ಕೆ ಗಡಿಬಿಡಿ ಮಾರಾಯ್ರೆ, ಬಿಸಿಲು ಇಳೀಲಿ" ಅನ್ನುವರು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ ಅಂತ ಅವರು ಹೇಳಿದ್ದೇ ತಡ, ಮಗ ಕಂಬದ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆಯತೊಡಗಿದ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ನೀರು ಜಾಸ್ತಿ ಏರುತ್ತದೆ, ಮಕ್ಕಳನ್ನು ದಡದಲ್ಲೇ ಆಡಿಸಿ. ಓಂ ಬೀಚಿಗೆ ಆಟೋದಲ್ಲಿ ಹೋದರೂ ಮೆಟ್ಟಿಲು ಇಳಿಯಬೇಕು, ಅತ್ತೆ ಮೇಲೆಯೇ ಕೂತು ಎಳನೀರು ಕುಡಿದರು. ದೇವಸ್ಥಾನಕ್ಕೆ ಬೆಳಿಗ್ಗೆ ಬೇಗ ಹೋಗಿ, ಗಂಡಸರು ಪಂಚೆ ಮರೆಯಬೇಡಿ.

ಊಟ ಸಸ್ಯಾಹಾರಿ ಮಾತ್ರ, ಮೀನು ಬೇಕಾದರೆ ಹೊರಗೆ. ಆದರೆ ಆ ಅಪ್ಪೆಹುಳಿ! ಹುಳಿ ಮಾವಿನಕಾಯಿ ಬೇಯಿಸಿ ಕಿವುಚಿ, ನೀರಾಗಿ ಮಾಡಿ, ಹಸಿಮೆಣಸು, ಇಂಗಿನ ಒಗ್ಗರಣೆ. ಅನ್ನಕ್ಕೂ ಸೈ, ಲೋಟದಲ್ಲಿ ಕುಡಿಯಲೂ ಸೈ. ನಮ್ಮವರು ಎರಡು ಲೋಟ ಇಳಿಸಿ ಚಪ್ಪರದಡಿ ಮಲಗಿದವರು ಸಂಜೆಯೇ ಎದ್ದದ್ದು. ಎಸಿ ಯಾರಿಗೆ ಬೇಕು ಹೇಳಿ. ಒಂದು ದಿನ ಅಂಕೋಲೆಯ ಕರಿ ಇಶಾಡು ಮಾವಿನಹಣ್ಣು ಕೊಟ್ಟರು, 2023ರಲ್ಲಿ ಜಿಐ ಟ್ಯಾಗ್ (ಆಯಾ ಊರಿನ ವಿಶೇಷ ಅಂತ ಕೊಡುವ ಗುರುತು) ಸಿಕ್ಕಿತಲ್ಲ, ಅದೇ. ಸಿಪ್ಪೆ ತೀರಾ ತೆಳು, ಬೇಗ ಕೆಡುತ್ತದೆ, ಊರಿಗೆ ಒಯ್ಯುವ ಆಸೆ ಬಿಡಿ. ಅಲ್ಲೇ ತಿನ್ನಿ.

ರೈಲಲ್ಲಿ ಹೋಗುವವರಿಗೆ ಒಂದು ಮಾತು: ಗೋಕರ್ಣ ರೋಡ್ ಸ್ಟೇಷನ್ನಿಂದ ಊರಿಗೆ ಸುಮಾರು 10 ಕಿಲೋಮೀಟರ್ ಇದೆ, ಆಟೋ ದರ ಮೊದಲೇ ಮಾತಾಡಿಕೊಳ್ಳಿ. ಕಾರಲ್ಲಿ ಬಂದರೆ ಓಣಿ ಕಿರಿದು, ದೂರ ನಿಲ್ಲಿಸಬೇಕು.

ಹೊರಡುವಾಗ ಒಂದು ಕಟ್ಟು ಹಪ್ಪಳ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಅದರಲ್ಲಿ ಅರ್ಧ ರೈಲಲ್ಲೇ ಪುಡಿಯಾದವು. ಮಗಳು ಮಾತ್ರ ತಾನು ನಿಂತು ಒತ್ತಿದ್ದು ಯಾವುದು ಅಂತ ಈಗಲೂ ಡಬ್ಬಿ ತೆಗೆದು ಹುಡುಕುತ್ತಾಳೆ.